ಡಾಕ್ಟರ್ ಅಂಕಲ್ ಮತ್ತು ಬೆಟ್ಟದಂಥ ಜೇಡ

ಮಾರುವ ಮುನ್ನ ಹಳೆಯ ಕಾರನ್ನು ಗುಡಿಸಿ ಒರೆಸೋಣವೆಂದು ಹೋದ ಭಾನುವಾರ ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಗರಾಜಿನಲ್ಲಿ ಬಗ್ಗಿದ್ದೆ. ಮುಂದಿನ ಸೀಟಿನ ಕೆಳಗಿಂದ ಒಂದು ಸ್ಟೀಲ್ ಡಬ್ಬಿ ಉರುಳಿ ಬಂತು. ನಾಲ್ಕು ವರ್ಷದಿಂದ ಅಲ್ಲೇ ಇತ್ತು. ನನ್ನ ಅಚ್ಚುಕಟ್ಟಿಗೆ ಬೇರೆ ಸಾಕ್ಷಿ ಬೇಡ. ಮುಚ್ಚಳ ತೆಗೆದರೆ ಇನ್ನೂ ಕೋಡುಬಳೆಯ ಇಂಗಿನ ವಾಸನೆ. ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದ ಹೆಸರು, ಸುಮಿತ್ರಾ. ಮೊದಲು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಡಾಕ್ಟರ್ ಅಂಕಲ್ ಅವರ ತೀರಿಕೊಂಡ ಹೆಂಡತಿಯ ಹೆಸರು.

ನಾನು ಅನುಮಾನದ ಪ್ರಾಣಿ, ಒಪ್ಪಿಕೊಳ್ಳುತ್ತೇನೆ. ಆದರೆ ನೀವೇ ಹೇಳಿ, ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ ಇಂಡಿಯನ್ ಅಂಗಡಿಯಲ್ಲಿ "ಕನ್ನಡದವ್ರಾ?" ಎಂದು ಹಲ್ಲು ಬಿಟ್ಟ ದಂಪತಿ ಕಾಫಿಗೆ ಕರೆದು, ಕಾಫಿ ಕೊಡುವ ಮೊದಲೇ ಬಿಳಿ ಹಾಳೆಯ ಮೇಲೆ ಚೈನ್ ಸ್ಕೀಮಿನ ವೃತ್ತಗಳನ್ನು ಬರೆದು "ನಿಮ್ ಕೆಳಗೆ ಆರು ಜನ ಸೇರಿಸಿದ್ರೆ ಸಾಕು" ಎಂದರೆ? ಅಂದಿನಿಂದ ಯಾರು ಅತಿಯಾಗಿ ನಕ್ಕರೂ ನನಗೆ ಆ ವೃತ್ತಗಳೇ ಕಾಣುತ್ತಿದ್ದವು.

ಹಾಗಿರುವಾಗ ಎದುರು ಮನೆಯ ರಿಟೈರ್ಡ್ ಡಾಕ್ಟರು ಪ್ರತಿ ಶನಿವಾರ "ಡ್ರೈವ್-ಇನ್‌ಗೆ ಹೋಗೋಣ್ವೇನಮ್ಮಾ? ನಿಮ್ ಕಾರಲ್ಲೇ ಹೋಗೋಣ, ತಿಂಡಿ ನಂದು" ಎಂದರೆ ಏನೆಂದುಕೊಳ್ಳಲಿ? ಬಯಲಿನ ದೊಡ್ಡ ಪರದೆಯ ಮುಂದೆ ಕಾರಿನಲ್ಲೇ ಕೂತು ನೋಡಲು ಹೊರಟದ್ದಾದರೂ ಏನು! ಹಳೆಯ ಕಾಲದ, ಅಗ್ಗದ ಭಯದ ಸಿನಿಮಾಗಳು. ಮನೆಯೆತ್ತರದ ಏಡಿ, ಊರನ್ನೇ ನುಂಗುವ ಕಪ್ಪೆ, ಬೆಟ್ಟದಂಥ ಜೇಡ. ಜೇಡವನ್ನು ಎಳೆಯುವ ಹಗ್ಗ ನನಗೂ ಕಾಣುತ್ತಿತ್ತು. ಸಿನಿಮಾದ ಸದ್ದು ಬರುವ ಕಾರಿನ ರೇಡಿಯೋದಲ್ಲಿ ಹೆಂಗಸರು ಚೀರುತ್ತಿದ್ದರು, ಹಿಂದಿನ ಸೀಟಿನಲ್ಲಿ ನನ್ನ ಗಂಡ ಗೊರಕೆ ಹೊಡೆಯುತ್ತಿದ್ದ. ಡಾಕ್ಟರು ಮಾತ್ರ ಪಕ್ಕದಲ್ಲಿ ಮುಂದಕ್ಕೆ ಬಾಗಿ ಮಗುವಿನ ಹಾಗೆ ಖುಷಿಪಡುತ್ತಿದ್ದರು. ಅಷ್ಟು ಓದಿದ ಮನುಷ್ಯನಿಗೆ ಇದೆಲ್ಲ ಇಷ್ಟವಾಗುವುದುಂಟೇ? ನಮ್ಮನ್ನು ಕಾರಿನಲ್ಲಿ ಕೂಡಿಹಾಕಿ ಒಂದು ದಿನ ಪ್ಲ್ಯಾನ್ ಬಿಚ್ಚುತ್ತಾರೆ ಎಂದು ನಾನು ಕಾಯುತ್ತಿದ್ದೆ.

ನಾವು ಸಿಡ್ನಿಗೆ ಹೊರಡುವ ಹಿಂದಿನ ವಾರ, ಜೇಡದ ಸಿನಿಮಾದ ನಡುವೆ, ಅವರು ಗಂಟಲು ಸರಿಮಾಡಿಕೊಂಡರು. "ನಿನ್ಹತ್ರ ಒಂದ್ ಮಾತು ಕೇಳ್ಬೇಕಿತ್ತಮ್ಮಾ..."

ಬಂತು ನೋಡಿ! "ಅಂಕಲ್, ನಮಗೆ ಈ ಸ್ಕೀಮು ಗೀಮಲ್ಲೆಲ್ಲ ಇಂಟರೆಸ್ಟ್ ಇಲ್ಲ" ಎಂದುಬಿಟ್ಟೆ.

"ಸರಿಯಮ್ಮಾ" ಎಂದರು, ಅಷ್ಟೇ. ಮನೆ ಬಂದಾಗ ತಿಂಡಿಯ ಡಬ್ಬಿ ಮರೆತೇ ಇಳಿದುಹೋದರು. ಆಮೇಲೆ ಅವರೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಈಗ ಡಬ್ಬಿ ಹಿಡಿದು ಗರಾಜಿನಲ್ಲೇ ನಿಂತು ಫೋನ್ ಮಾಡಿದೆ. ಕ್ಷಮೆ ಕೇಳಬೇಕಿತ್ತು, ಅದಕ್ಕಿಂತ ಹೆಚ್ಚಾಗಿ, ಆವತ್ತು ಅವರು ಏನು ಕೇಳಹೊರಟಿದ್ದರೆಂದು ತಿಳಿಯಬೇಕಿತ್ತು.

"ಏನಮ್ಮಾ, ಇಷ್ಟ್ ವರ್ಷ ಆದ್ಮೇಲೆ? ನೀನೇ ಯಾವ್ದಾದ್ರೂ ಸ್ಕೀಮ್ ಸೇರ್ಕೊಂಡ್ಯಾ?" ಎಂದು ನಕ್ಕರು. ನನಗೆ ಅಳುವೇ ಬಂದುಬಿಟ್ಟಿತು. ಅಳುತ್ತಲೇ ಕ್ಷಮೆ ಕೇಳಿ, ಆವತ್ತು ಅವರು ಕೇಳಹೊರಟದ್ದೇನೆಂದು ವಿಚಾರಿಸಿದೆ.

"ಅಯ್ಯೋ, ಅಳ್ಬೇಡ. ಆಗ್ಲೇ ನನ್ ಕಣ್ಣು ಹೋಗ್ತಾ ಇತ್ತು. ಅಷ್ಟ್ ದೊಡ್ಡ ಪರದೆ, ಅಷ್ಟ್ ದೊಡ್ಡ ಪ್ರಾಣಿ, ಅದೊಂದೇ ಕಾಣ್ತಿದ್ದಿದ್ದು. ಜೇಡ ಕಾಣೋದು, ಮನುಷ್ಯರು ಕಾಣ್ತಿರ್ಲಿಲ್ಲ. ಅವ್ರೇನ್ ಮಾಡ್ತಿದಾರೆ ಅಂತ ಹೇಳ್ತಾ ಇರ್ತೀಯಾ ಅಂತ ಕೇಳೋಣ ಅಂತಿದ್ದೆ." ಮತ್ತೆ ಅವರೇ ಕೇಳಿದರು: "ಹೋಗ್ಲಿ, ಈಗ್ಲಾದ್ರೂ ಹೇಳು. ಕೊನೆಗೆ ಜೇಡಕ್ಕೆ ಹೆದರಿ ಚೀರ್ತಿದ್ದ ಆ ಹುಡುಗಿ ಉಳ್ಕೊಂಡ್ಲಾ?"

ನನಗೆ ಗೊತ್ತಿರಲಿಲ್ಲ. ಅವರು ಮಾತೆತ್ತಿದ ಮೇಲೆ ಆ ಸಿನಿಮಾ ಮುಗಿಯುವವರೆಗೂ ನಾನು ಪರದೆ ಬಿಟ್ಟು ಅವರನ್ನೇ ಓರೆಗಣ್ಣಿನಲ್ಲಿ ನೋಡುತ್ತ ಕೂತಿದ್ದೆ.

"ನಾನೂ ನೋಡ್ಲಿಲ್ಲ ಅಂಕಲ್" ಎಂದೆ. "ಡಬ್ಬಿ ತುಂಬ್ಕೊಂಡು ಬರ್ತೀನಿ. ಈ ಸಲ ನೋಡಿ ಹೇಳ್ತೀನಿ."