ದಾರಿಯಲ್ಲಿರುವವರ ಪ್ರಾರ್ಥನೆ

ಸಂಜೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಕೈ ತೊಳೆದುಕೊಂಡು ಬಂದರೆ ನಮ್ಮ ಮನೆಯಲ್ಲಿ ಶಿಲುಬೆಯ ಮುಂದೆ ಮೊಣಕಾಲೂರಿ ಜಪಸರ. ಅಪ್ಪ ತೀರಿಕೊಂಡ ಮೇಲೆ ಉಳಿದವರು ಅವ್ವ ಮತ್ತು ನಾನು. ಅವ್ವ ಹೇಳುವುದು, ಮಗಳು ಉತ್ತರ ಕೊಡುವುದು. ಮಣಿಗಳ ಐದು ಸುತ್ತು ಮುಗಿಯಿತೆಂದು ಏಳುವ ಹಾಗಿರಲಿಲ್ಲ. ಕಾಯಿಲೆಯವರಿಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎನ್ನುವ ಪರಲೋಕ ಪ್ರಾರ್ಥನೆ ಒಂದು, ದಾರಿಯಲ್ಲಿರುವವರಿಗೆ ಒಂದು, ಕೊನೆಗೆ ಸತ್ತವರಿಗೆ ಹೆಸರು ಹಿಡಿದು ಒಬ್ಬೊಬ್ಬರಿಗೂ ಒಂದೊಂದು. ನಮ್ಮ ಬಂಧುಬಳಗದಲ್ಲಿ ಸತ್ತವರೇನು ಕಡಿಮೆಯೇ! ನನ್ನ ಮೊಣಕಾಲು ಜೋಮು ಹಿಡಿಯುತ್ತಿದ್ದವು.

ದಾರಿಯಲ್ಲಿರುವವರು ಎಂದರೆ ನಮ್ಮಣ್ಣ ಒಬ್ಬನೇ. ಉಯ್ಯಂಬಳ್ಳಿ ಕಡೆಯ ಕಲ್ಲು ಕ್ವಾರಿಯಲ್ಲಿ ಕೆಲಸಕ್ಕಿದ್ದವನು ಒಂದು ಬೆಳಿಗ್ಗೆ ಕನಕಪುರದ ಬಸ್ಸು ಹತ್ತಿದ. "ಒಸಿ ಕೆಲ್ಸ ಐತೆ, ಸಂಜೆಗೆ ಬಂದ್ಬುಡ್ತೀನಿ" ಅಂದಿದ್ದ. ಬರಲಿಲ್ಲ. ಜಗಳವಿಲ್ಲ, ಕಾಗದವಿಲ್ಲ. ಪೊಲೀಸರಿಗೆ ಹೇಳಿದ್ದಾಯಿತು, ಕ್ವಾರಿಗಳನ್ನೆಲ್ಲ ಸುತ್ತಿದ್ದಾಯಿತು, ಹರಕೆ ಹೊತ್ತದ್ದೂ ಆಯಿತು. ಹನ್ನೊಂದು ವರ್ಷ ಅವ್ವ ಅವನನ್ನು ದಾರಿಯಲ್ಲೇ ಇಟ್ಟುಕೊಂಡಿದ್ದಳು.

ನವೆಂಬರಿನಲ್ಲಿ ಬರುವ ಸತ್ತವರ ಹಬ್ಬಕ್ಕೆ ಪ್ರತಿ ಮನೆಯವರೂ ತಮ್ಮವರ ಹೆಸರು ಬರೆದ ಚೀಟಿಯನ್ನು ಚರ್ಚಿಗೆ ಕೊಡುತ್ತಿದ್ದರು. ಪಾದ್ರಿ ಸ್ವಾಮಿಗಳು ಸಮಾಧಿಗಳ ನಡುವೆ ನಿಂತು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಅವ್ವನಿಗೆ ಅಕ್ಷರ ಬಾರದು, ಬರೆಯುವವಳು ನಾನು. ಒಂದು ವರ್ಷ "ಅಣ್ಣನ ಹೆಸರು?" ಎಂದು ಕೇಳಿಯೇಬಿಟ್ಟಿದ್ದೆ.

"ಬಾಯ್ಮುಚ್ಚವ್ವ. ಅವ್ನಿನ್ನೂ ದಾರೀಲವ್ನೆ" ಅಂದಳು.

ಹನ್ನೊಂದನೆಯ ವರ್ಷ ಕೇಳದೆಯೇ ಬರೆದುಬಿಟ್ಟೆ. ಬಸ್ಸು ನಿಂತ ಸದ್ದಾದಾಗಲೆಲ್ಲ ಜಪ ನಿಲ್ಲಿಸಿ ಬಾಗಿಲ ಕಡೆ ತಿರುಗುವ ಅವಳ ಮುಖ ನೋಡಿ ನೋಡಿ ನನಗೆ ಸಾಕಾಗಿತ್ತು. ಹೆಸರು ಕಿವಿಗೆ ಬೀಳಲಿ, ಒಂದು ಸಲ ಅತ್ತು ಮುಗಿಸಲಿ, ನನ್ನನ್ನು ಬೈದರೂ ಬೈಯಲಿ ಅಂದುಕೊಂಡೆ.

ಅವಳು ಅಳಲಿಲ್ಲ. ಅಪ್ಪನ ಸಮಾಧಿಗೆ ಮೇಣದ ಬತ್ತಿ ಹಚ್ಚುತ್ತಿದ್ದವಳು, ಸ್ವಾಮಿಗಳ ಬಾಯಲ್ಲಿ ಮಗನ ಹೆಸರು ಕೇಳಿ ಅಲ್ಲೇ ಕುಸಿದು ಕುಳಿತಳು. ಆಮೇಲೆ ನನ್ನ ಸೆರಗು ಜಗ್ಗಿ, "ಸ್ವಾಮ್ಗಳಿಗೆ ಸುದ್ದಿ ಬಂದೈತೆ ಕಣವ್ವ. ನಮ್ಗೆ ಹೆಂಗೇಳದು ಅಂತ ಸುಮ್ಕಿದ್ರು ಅಂತ ಕಾಣ್ತದೆ. ಎಲ್ಲಿ ಮಣ್ಣು ಮಾಡವ್ರಂತೆ, ಕೇಳ್ಕೊಂಡ್ ಬಾ" ಅಂದಳು.

ಚೀಟಿ ಬರೆದ ಮಗಳ ಮೇಲೆ ಅವಳಿಗೆ ಅನುಮಾನವೇ ಹುಟ್ಟಲಿಲ್ಲ. 'ನಾನೇ ಬರೆದೆ' ಎನ್ನುವುದು ನಾಲಿಗೆಯ ತುದಿಗೆ ಬಂತು. ಹೇಡಿ ನಾನು, ನುಂಗಿಕೊಂಡೆ. ಚರ್ಚಿನ ಹಿಂದಿನ ಬೋರ್‌ವೆಲ್ ಹತ್ತಿರ ಮುಖ ತೊಳೆದುಕೊಂಡು ವಾಪಸು ಬಂದೆ. "ಎಲ್ಲೋ ದೂರವಂತೆ ಕಣವ್ವ, ಅವ್ರಿಗೂ ಸರ್ಯಾಗ್ ಗೊತ್ತಿಲ್ವಂತೆ" ಅಂದೆ. ಅವ್ವ ಇನ್ನೊಂದು ಬತ್ತಿ ಕೇಳಿ ತೆಗೆದುಕೊಂಡು ಅಪ್ಪನ ಸಮಾಧಿಯ ಅಂಚಿನಲ್ಲೇ ನಿಲ್ಲಿಸಿದಳು.

ಅವತ್ತಿನಿಂದ ದಾರಿಯಲ್ಲಿರುವವರ ಪ್ರಾರ್ಥನೆ ನಿಂತಿತು. ಅಣ್ಣ ಸತ್ತವರ ಸಾಲಿನಲ್ಲಿ ಅಪ್ಪನ ಪಕ್ಕಕ್ಕೆ ಹೋದ. ಅವ್ವ ಅವನ ಹೆಸರು ಹೇಳುವಳು, ನಾನು ಆಮೆನ್ ಅನ್ನುವೆ. ಬಸ್ಸಿನ ಸದ್ದಿಗೆ ಅವಳು ತಿರುಗುವುದೂ ನಿಂತಿತು. ಆ ಸ್ವಾಮಿಗಳು ಸ್ವಲ್ಪ ದಿನದಲ್ಲೇ ವರ್ಗವಾಗಿ ಹೋದರು. ಆಮೇಲೆ ಬಂದವರ ಹತ್ತಿರ ಪಾಪನಿವೇದನೆಗೆ ಹೋದಾಗ ಕೋಪ ಮಾಡಿಕೊಂಡದ್ದು, ಪೂಜೆ ತಪ್ಪಿಸಿದ್ದು ಎಲ್ಲ ಹೇಳಿದೆ, ಇದೊಂದನ್ನು ಬಿಟ್ಟು.

ಅವ್ವ ಹಾಸಿಗೆ ಹಿಡಿದಾಗ ಜಪ ಹೇಳುವವಳು ನಾನಾದೆ. ಕೊನೆಯ ವಾರ ನಾನು ಅಳುವುದನ್ನು ಕಂಡು, "ಅಳ್ಬ್ಯಾಡ ಬುಡವ್ವ. ಅಲ್ಲಿ ನನ್ ಮಗ ಅವ್ನೆ, ಕರ್ಕೊಳ್ಳಕ್ಕೆ ಬತ್ತಾನೆ" ಅಂದಳು. ಆ ನಂಬಿಕೆಯಲ್ಲೇ ಹೋದಳು.

ಈಗ ಸಂಜೆ ಒಬ್ಬಳೇ ಮೊಣಕಾಲೂರುತ್ತೇನೆ. ಅವ್ವನಿಗೆ ಒಂದು ಪರಲೋಕ ಪ್ರಾರ್ಥನೆ ಹೇಳಿ ಮುಗಿಸುತ್ತೇನೆ. ಆಮೇಲೆ ಅಣ್ಣನ ಸರದಿ. ಅವನು ಸತ್ತಿರಲಿ ಎಂದು ಹೇಗೆ ಬೇಡಲಿ? ಬದುಕಿರಲಿ ಎಂದು ಬೇಡಿದರೆ, ನನ್ನ ಮಾತು ನಂಬಿ ಹೋದ ಅವ್ವ ಅಲ್ಲಿಯೂ ಅವನಿಗಾಗಿ ಕಾಯುತ್ತ ನಿಂತಿರುತ್ತಾಳೆ.