ಕರ್ರಗಾಗದ ಹುಡುಗಿ

ಶಿವರುದ್ರಮ್ಮ ಹುಟ್ಟಿದ್ದು ಹುಲಿಯೂರುದುರ್ಗದಲ್ಲಿ, ಹಾಲಿನಂಥ ಬಣ್ಣದಲ್ಲಿ. ಆ ಬಣ್ಣವೇ ಅವಳಿಗೊಂದು ಕೆಲಸ ಗಂಟುಹಾಕಿತು. ಬೇಸಿಗೆ ಬಂದರೆ ಬಂಡೆಯ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸುತ್ತಿದ್ದರು. ಕಾಗೆ ಓಡಿಸಲು ಕೋಲು ಹಿಡಿದು ಕೂರಬೇಕಾದವಳು ಯಾವಾಗಲೂ ಇವಳೇ. ಅಕ್ಕ ಮಾಲಿನಿಯದು ಎಣ್ಣೆಗಪ್ಪು. ಅವಳು ಹೊಸಿಲು ದಾಟಿದರೆ ಸಾಕು, ಅವ್ವ ಸಿದ್ದಗಂಗಮ್ಮ ಹೌಹಾರುತ್ತಿದ್ದಳು: "ಇನ್ನೂ ಕರ್ರಗಾದ್ರೆ ನಿನ್ನ ಯಾರೇ ಮದ್ವೆ ಆಗ್ತಾರೆ? ಒಳಗ್ ನಡಿ!" ಇವಳನ್ನು ಮಾತ್ರ ಬೆನ್ನು ತಟ್ಟಿ ಕಳಿಸುತ್ತಿದ್ದಳು. ಎಷ್ಟು ಬಿಸಿಲಲ್ಲಿ ಕೂತರೂ ಇವಳು ಕರ್ರಗಾಗುತ್ತಿರಲಿಲ್ಲವಲ್ಲ.

ಕರ್ರಗಾಗುತ್ತಿರಲಿಲ್ಲ, ನಿಜ. ಸುಡುತ್ತಿದ್ದಳು. ಮೂಗು, ಕೆನ್ನೆ, ಹೆಗಲೆಲ್ಲ ಕೆಂಪೇರಿ ಉರಿ ಕಿತ್ತುಕೊಳ್ಳುತ್ತಿತ್ತು. ಅವ್ವ ಮಜ್ಜಿಗೆ ಹಚ್ಚುತ್ತಿದ್ದಳು. ನಾಲ್ಕು ದಿನಕ್ಕೆ ಸಿಪ್ಪೆ ಏಳುತ್ತಿತ್ತು, ಮತ್ತೆ ಬಿಳುಪು, ಮತ್ತೆ ಬಂಡೆ. ಮನೆಗೆ ಬಂದ ನೆಂಟರೋ, ಆ ಸುಟ್ಟ ಕೆನ್ನೆಯನ್ನೇ ಹಿಂಡಿ, "ಏನ್ ಬಣ್ಣ ಕಣವ್ವಾ, ಗುಲಾಬಿ!" ಅನ್ನುತ್ತಿದ್ದರು. ಮಗು ಬೇಯುತ್ತಿದ್ದರೆ ಚಂದ ನೋಡುವ ಆ ಕಣ್ಣುಗಳಿಗೆ ಏನನ್ನಬೇಕು!

ಮದುವೆಯಾಗಿ ಕುಣಿಗಲ್‌ಗೆ ಬಂದು ಬಸ್‌ಸ್ಟ್ಯಾಂಡ್ ಹತ್ತಿರ ಬಳೆ ಅಂಗಡಿ ಇಟ್ಟಳು. ಐವತ್ತು ಹತ್ತಿರ ಬಂದಾಗ ಮೂಗಿನ ತುದಿಯಲ್ಲೊಂದು ಹುಣ್ಣು ಎದ್ದಿತು. ಏನು ಹಚ್ಚಿದರೂ ಮಾಯಲಿಲ್ಲ. ತುಮಕೂರಿನ ಚರ್ಮದ ಡಾಕ್ಟರು ಕ್ಯಾನ್ಸರ್ ಎಂದು ಕೊಯ್ದು ತೆಗೆದರು. ಜೀವಕ್ಕೆ ಅಪಾಯವಾಗಲಿಲ್ಲ, ಮೂಗಿನ ಮೇಲೆ ಒಂದು ಗುಂಡಿ ಉಳಿಯಿತು.

"ಚಿಕ್ಕವರಿದ್ದಾಗ ಬಿಸಿಲಲ್ಲಿ ತುಂಬಾ ಇದ್ರಾ?" ಎಂದು ಕೇಳಿದರು ಡಾಕ್ಟರು. "ಬಿಸಿಲು ಬಿದ್ದಾಗ ಚರ್ಮ ತನ್ನ ಕಪ್ಪು ಬಣ್ಣನ ಹೆಚ್ಚು ಮಾಡ್ಕೊಂಡು ಕೊಡೆ ಥರ ಹಿಡಿಯುತ್ತಮ್ಮ. ಕರ್ರಗಾಗೋದು ಅಂದ್ರೆ ಅದೇ. ನಿಮ್ಮಂಥ ತೀರಾ ಬೆಳ್ಳಗಿರೋರ ಮೈಗೆ ಆ ಕೊಡೆ ಬಿಚ್ಚೋಕೆ ಬರಲ್ಲ. ನೇರ ಸುಡುತ್ತೆ."

ಕೊಡೆ ಇದ್ದವಳನ್ನು ನೆರಳಲ್ಲಿ ಕೂರಿಸಿ, ಇಲ್ಲದವಳನ್ನು ಬಂಡೆಗೆ ತಳ್ಳಿದ್ದರು! ಕುಣಿಗಲ್ ಬರುವವರೆಗೂ ಶಿವರುದ್ರಮ್ಮ ಬಸ್ಸಿನಲ್ಲಿ ಹಲ್ಲು ಕಡಿಯುತ್ತಲೇ ಕೂತಿದ್ದಳು.

ಈ ಏಪ್ರಿಲ್‌ನಲ್ಲಿ ಗುಬ್ಬಿಯ ತಮ್ಮನ ಮನೆಗೆ ಹೋದಳು. ಅವ್ವ ಈಗ ಅಲ್ಲೇ ಇರುವುದು. ತಮ್ಮನ ದೊಡ್ಡ ಮಗಳು ಭೂಮಿಕಾ, ಅಕ್ಕ ಮಾಲಿನಿಯದೇ ಬಣ್ಣದವಳು, ಕಿಟಕಿಯಲ್ಲಿ ಕೂತು ಬೀದಿ ನೋಡುತ್ತಿದ್ದಳು.

"ನಿನ್ನ ತಂಗಿ ಎಲ್ಲೇ?"

"ಅಕ್ಷತಾ ತಾರಸಿ ಮೇಲವ್ಳೆ ಅತ್ತೆ. ಸಂಡಿಗೆ ಕಾಯ್ತಾವ್ಳೆ."

ಶಿವರುದ್ರಮ್ಮನಿಗೆ ಮೈಯೆಲ್ಲ ಹೊತ್ತಿಕೊಂಡಿತು. ಬರಿಗಾಲಲ್ಲೇ ಮೆಟ್ಟಿಲು ಹತ್ತಿದಳು. ನಡುಮಧ್ಯಾಹ್ನದ ಬಿಸಿಲು, ಹಾಸಿದ ಹಳೇ ಸೀರೆ, ಹುಡುಗಿಯ ಕೈಯಲ್ಲಿ ಕೋಲು. ಬೆಳ್ಳನೆಯ ಕತ್ತು ಬೆಂದು ಕೆಂಪಾಗಿತ್ತು. ಮುಟ್ಟಿದರೆ ಕಿರುಚಿದಳು. ಅವಳನ್ನು ಕೆಳಗೆ ಬಿಟ್ಟು, ಮತ್ತೆ ಹತ್ತಿ ಹೋಗಿ, ಹಸಿ ಸಂಡಿಗೆ ಸಮೇತ ಸೀರೆಯನ್ನು ಮುದ್ದೆ ಮಾಡಿ ತಂದು ಅವ್ವನ ಮುಂದೆ ಎಸೆದಳು.

"ಏನ್ ಬಂದೈತೆ ನಿಂಗೆ? ಅವ್ಳೇನ್ ಕರ್ರಗಾಗ್ತಾಳಾ? ನೀನೂ ಕೂರ್ತಿರ್ಲಿಲ್ವಾ?" ಎಂದಳು ಅವ್ವ.

"ಕೂತಿದ್ದಕ್ಕೆ ಏನ್ ಸಿಕ್ತು ನೋಡು." ಶಿವರುದ್ರಮ್ಮ ಬಗ್ಗಿ ಮೂಗನ್ನು ಅವ್ವನ ಕಣ್ಣಿಗೆ ಹಿಡಿದಳು. "ಸರಿಯಾಗ್ ನೋಡವ್ವಾ."

"ಅದು ದೃಷ್ಟಿ ತಾಕಿದ್ದು ಕಣೇ. ಅಷ್ಟು ಬೆಳ್ಳಗಿದ್ದೆ."

"ದೃಷ್ಟಿ ಅಲ್ಲ, ನಿನ್ ಸಂಡಿಗೆ! ಬಿಸಿಲು ತಡ್ಕೊಳೋ ಚರ್ಮ ಭೂಮಿಕಂದು, ಅವ್ಳನ್ನ ಒಳಗೆ ಕೂಡಾಕಿದೀಯಾ. ತಡೀಲಾರದ ಈ ಮಗೀನ ಬೇಯೋಕಾಕಿದೀಯಾ. ಯಾವನೋ ಬಂದು ಬಣ್ಣ ನೋಡ್ತಾನೆ ಅಂತ ಇಬ್ರನ್ನೂ ಹಾಳ್ ಮಾಡ್ತಿದೀಯಲ್ಲವ್ವಾ!"

ಭೂಮಿಕಾ ಕಿಟಕಿಯಿಂದ ಎದ್ದು ಬಂದಳು.

"ಹಂಗಾದ್ರೆ ನಾನು ಸಂಜೆ ಖೋಖೋ ಆಡೋಕೆ ಹೋಗ್ಬೋದಾ ಅತ್ತೆ?"

"ಹೋಗೇ."

"ಅಯ್ಯೋ, ಕರ್ರಗಾಗ್ತಾಳೆ ಕಣೇ!"

"ಆಗ್ಲಿ ಬುಡು!"

ಭೂಮಿಕಾ ಮಂಚದ ಕೆಳಗಿಂದ ಚಪ್ಪಲಿ ಎಳೆದು ಧೂಳು ಕೊಡವಿ ಹಾಕಿಕೊಂಡಳು. ಬಿಸಿಲು ಇಳಿಯುವವರೆಗೂ ಬಾಗಿಲಲ್ಲೇ ನಿಂತಿದ್ದಳು.