ಯಜಮಾನರ ಹೆಸರಿನ ಖಾನೆ

ಕೃಷ್ಣರಾಜನಗರದಲ್ಲಿ ಟೈಲರ್ ಅಬ್ದುಲ್ ಸತ್ತಾರರನ್ನು ಅರಿಯದವರಿಲ್ಲ. ಅವರು ತೀರಿಕೊಂಡು ಮೂರು ವರ್ಷವಾಯಿತು. ಅವರ ಮಗಳು ಫರ್ಹಾನಾ ಏನು ಕೆಲಸ ಮಾಡುತ್ತಾಳೆ ಅನ್ನುವುದು ಮಾತ್ರ ಬೀದಿಯವರ ತಲೆಗೆ ಇವತ್ತಿಗೂ ಹತ್ತಿಲ್ಲ. ಅವಳು ಮನೆಯಲ್ಲೇ ಕೂತು ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷಿಸುತ್ತಾಳೆ. ಅವಳು ಬರೆದ ಸ್ಕ್ರಿಪ್ಟ್ ಫೋನಿನೊಳಗೆ ಮನುಷ್ಯರ ಪರವಾಗಿ ಟೈಪ್ ಮಾಡುತ್ತದೆ: ಹೆಸರು, ಊರು, ಯಜಮಾನರ ಹೆಸರು. ಆ ಕೊನೆಯ ಖಾನೆಗೆ ಅವಳು ಅಪ್ಪನ ಹೆಸರನ್ನೇ ಕೊಟ್ಟಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ತುಂಬಿ ಹಸಿರು ಗುರುತು ಬೀಳುತ್ತಿತ್ತು. ನಲವತ್ತು ಸಲ ಓಡಿಸಿ, ನಲವತ್ತು ಸಲವೂ ಪಾಸಾಗಿ, 'ಎಲ್ಲ ಸರಿ ಇದೆ' ಅಂತ ಬರೆದುಕೊಟ್ಟಿದ್ದಳು ಮಹಾರಾಯ್ತಿ.

ಆ್ಯಪ್ ಇದ್ದದ್ದು ಹಂಪಾಪುರದ ಕಡೆ ಸೊಪ್ಪು ಬೆಳೆಯುವ ಹೆಂಗಸರಿಗೆ. ಅದರಲ್ಲಿ ಹೆಸರು ಸೇರಿದವರಿಂದ ಮಾತ್ರ ಬೀಚನಹಳ್ಳಿ ಹತ್ತಿರದ ರೆಸಾರ್ಟಿನವರು ವರ್ಷಪೂರ್ತಿ ಸೊಪ್ಪು ಕೊಳ್ಳುತ್ತಾರೆ. ಪಟ್ಟಿ ಮುಗಿಯುವ ದಿನ ಬೆಳಿಗ್ಗೆ ಸಹಾಯದ ನಂಬರಿಗೆ, ಅಂದರೆ ಫರ್ಹಾನಾಳ ಫೋನಿಗೇ, ರಾಮಮ್ಮ ಅನ್ನುವವಳ ಕರೆ ಬಂತು.

"ಮೂರ್ ದಪ ತುಂಬ್ದೆ ಕಣವ್ವ. ಮೂರ್ ದಪನೂ ಎಲ್ಲ ಅಳಿಸ್ಕೊಂಡೋಯ್ತು. ಸಂಜೆ ಐದ್ಗಂಟೆಗೆ ಮುಗುದೋಯ್ತದಂತೆ!"

"ನೀವೇ ಏನೋ ತಪ್ಪು ಒತ್ತಿರ್ತೀರಿ. ಎಲ್ಲಿ ಅಳಿಸಿಹೋಗುತ್ತೆ?"

"ಯಜಮಾನ್ರ ಎಸ್ರು ಕೇಳ್ತದಲ್ಲ, ಅಲ್ಲಿ. ಬರಿಯಾಕೆ ನಂಗ್ ಬರಲ್ಲ, ಬಾಯಲ್ಲಿ ಯೋಳಿದ್ರೆ ಅದೇ ಬರ್ಕತದೆ."

"ಹಾಗಾದ್ರೆ ಅವರ ಹೆಸರು ಹೇಳಿಬಿಡಿ."

ರಾಮಮ್ಮ ದನಿ ತಗ್ಗಿಸಿ, "ಅವ್ರೆಸ್ರ ನಾನೆಂಗವ್ವ ಯೋಳ್ಲಿ? ಪಕ್ಕದ್ಮನೆ ವಿಮಲಮ್ಮನ ಕರ್ಕಬರೋ ಒತ್ಗೆ ಎಲ್ಲ ವೋಗ್ಬುಟ್ಟಿರ್ತದೆ," ಎಂದಳು.

ಎರಡು ನಿಮಿಷ ಏನೂ ಬರೆಯದಿದ್ದರೆ ಆ್ಯಪ್ ಅರ್ಜಿಯನ್ನೇ ಒರೆಸಿಹಾಕುತ್ತಿತ್ತು. ಫರ್ಹಾನಾಳ ಸ್ಕ್ರಿಪ್ಟ್ ಒಂದು ಸಲವೂ ತಡವರಿಸಿರಲಿಲ್ಲ. ಗಂಡನ ಹೆಸರು ಹೇಳಲು ಅದಕ್ಕೇನು ಸಂಕೋಚ!

ಸ್ಪೀಕರಿನಲ್ಲಿ ಮಾತೆಲ್ಲ ಕೇಳಿಸಿಕೊಂಡಿದ್ದ ಅಮ್ಮ ಅಕ್ತರುನ್ನೀಸಾ ಹೊಲಿಗೆ ಮೆಷಿನ್ ನಿಲ್ಲಿಸಿ ಅಂದರು, "ನಾನಾಗಿದ್ರೂ ಹೇಳ್ತಿರಲಿಲ್ಲ."

ಫರ್ಹಾನಾಳ ಮುಖಕ್ಕೆ ಹೊಡೆದಂತಾಯಿತು. ರೇಷನ್ ಆಫೀಸು, ಆಸ್ಪತ್ರೆ, ಬ್ಯಾಂಕು, ಎಲ್ಲೇ ಅಪ್ಪನ ಹೆಸರು ಕೇಳಿದರೂ ಅಮ್ಮ ತಿರುಗಿ ಇವಳ ಮುಖ ನೋಡುತ್ತಿದ್ದರು. ಏಳು ವರ್ಷದವಳಿದ್ದಾಗಿನಿಂದ ಇವಳೇ ಹೇಳುತ್ತ ಬಂದಿದ್ದಳು. ಅಂಥವಳೇ ಮರೆತಳಲ್ಲ!

ಸ್ಕ್ರಿಪ್ಟ್ ತಿದ್ದಿದಳು. ಆ ಖಾನೆ ಬಂದಾಗ ಹತ್ತು ನಿಮಿಷ ಸುಮ್ಮನಿರಬೇಕು, ಆಮೇಲೆ ಒಂದೊಂದೇ ಅಕ್ಷರ ಬರೆಯಬೇಕು. ಓಡಿಸಿದಳು. ಅರ್ಜಿ ಅಳಿಸಿಹೋಗಿ ಕೆಂಪು ಗುರುತು ಬಿತ್ತು.

ಫೋನ್ ಮಾಡಿ ತಿಳಿಸಿದರೆ ಮೈಸೂರಿನಲ್ಲಿದ್ದ ಮ್ಯಾನೇಜರ್ ಸಿದ್ದಾರ್ಥ ಸಿಡುಕಿದ. "ಪಾಸ್ ಅಂತ ನೀವೇ ಬರ್ಕೊಟ್ಟಿದ್ರಲ್ರೀ?"

"ತಪ್ಪು ಬರ್ಕೊಟ್ಟೆ ಸರ್. ಇನ್ನೆಷ್ಟು ಹೆಂಗಸರದು ಹೀಗೆ ಅಳಿಸಿಹೋಗಿದೆಯೋ!"

ಗೊಣಗಿದರೂ ಮಾಡಿಕೊಟ್ಟ. ಎಷ್ಟು ತಡವಾದರೂ ತುಂಬಿದ್ದು ಉಳಿಯುವ ಹೊಸ ಆ್ಯಪ್ ಬರುವಷ್ಟರಲ್ಲಿ ನಾಲ್ಕು ಗಂಟೆ. ಫರ್ಹಾನಾ ಪರೀಕ್ಷೆ ಶುರುಮಾಡಿ ಕೈಕಟ್ಟಿ ಕೂತಳು. ಹತ್ತು ನಿಮಿಷ ಪರದೆ ಅಲ್ಲಾಡಲಿಲ್ಲ. ಆಮೇಲೆ ಅಕ್ಷರಗಳು ಬಂದವು, ಹಸಿರು ಬಿತ್ತು. ರಾಮಮ್ಮನಿಗೆ ಅವಳೇ ಫೋನ್ ಮಾಡಿದಳು. "ಹೊಸದು ಹಾಕಿಸ್ಕೊಳಿ. ವಿಮಲಮ್ಮ ನಿಧಾನಕ್ಕೇ ಬರಲಿ."

ಐದಕ್ಕೆ ಹತ್ತು ನಿಮಿಷವಿದ್ದಾಗ ಫೋನ್ ಬಂತು. "ಸೇರ್ಕಂಡೆ ಕಣವ್ವ! ವಿಮಲಮ್ಮ ಬರ್ದು ತೋರ್ಸುದ್ಲು, ಚೆಂದಾಗದೆ ಅವ್ರೆಸ್ರು." ಫರ್ಹಾನಾಳಿಗೆ ನಗು, ಅಳು ಎರಡೂ ಬಂದವು.

ಇನ್ನೇನು ಲ್ಯಾಪ್‌ಟಾಪ್ ಮುಚ್ಚಬೇಕು, ಅಮ್ಮ ಬಂದು ಪಕ್ಕದಲ್ಲಿ ಕೂತರು. ಹೊಲಿಯುತ್ತ ಕೂತಲ್ಲಿಂದಲೇ ಎಲ್ಲ ನೋಡಿದ್ದರು. ಪರದೆಯ ಮೇಲೆ ಅಪ್ಪನ ಹೆಸರು ಮೂಡಿದ್ದ ಖಾನೆಯನ್ನು ಬೆರಳಲ್ಲಿ ತೋರಿಸಿದರು.

"ಇನ್ನೊಂದ್ಸಲ ಬರೆಸು," ಅಂದರು. "ಹಂಗೇ, ನಿಧಾನಕ್ಕೆ."